ಸುಮ್ಮನಿರಬೇಕಾದ ಹೊತ್ತು

"ನಿಮ್ಮ ಮನಿಯವ್ರು ಒಳಗ ಮಾತಾಡ್ಲಿಕತ್ತಾರ್ರಿ," ಎಂದರು ಡಾಕ್ಟರ್ ನೀಲಿಮಾ. "ತುಟಿ ಅಲ್ಲಾಡಿದ್ರ ತಲಿನೂ ಅಲ್ಲಾಡತದ. ತಲಿ ಅಲ್ಲಾಡಿದ್ರ ನನಗ ಏನೂ ತಿಳಿಯೂದಿಲ್ಲ."

ಚನ್ನವೀರ ಗಾಜಿನ ಹತ್ತಿರ ಹೋಗಿ ನಿಂತ. ಎಂಆರ್‌ಐ ಯಂತ್ರದ ಬಿಳಿ ಸುರಂಗದಿಂದ ಹೆಂಡತಿಯ ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಯಂತ್ರದ ಬಡಿತ ನಿಂತಾಗ, ಮೇಜಿನ ಮೇಲಿನ ಸ್ಪೀಕರಿನಲ್ಲಿ ಅಂಬಾಳ ಪಿಸುದನಿ ಕೇಳುತ್ತಿತ್ತು.

"ಹೊಸ್ತಿಲಾ... ಉಂಬರಠಾ. ನೆರಮನಿ... ಶೇಜಾರ್. ಸುಳ್ಳ... ಖೋಟಂ."

ಒಂದು ಕನ್ನಡ, ಅದಕ್ಕೊಂದು ಮರಾಠಿ. ಇಪ್ಪತ್ತು ವರ್ಷದಿಂದ ಅವಳ ಕೆಲಸವೇ ಅದು. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ದುಡಿಯಲು ಬಂದವರು ಯಾವುದೋ ತಕರಾರಿನಲ್ಲಿ ಸಿಕ್ಕಿ ಕೋರ್ಟಿನ ಕಟಕಟೆಯಲ್ಲಿ ನಿಂತಾಗ, ಅವರ ಮಾತನ್ನು ನ್ಯಾಯಾಧೀಶ ಸಾಹೇಬರಿಗೆ ಮರಾಠಿಯಲ್ಲಿ, ಸಾಹೇಬರ ಮಾತನ್ನು ಅವರಿಗೆ ಕನ್ನಡದಲ್ಲಿ ದಾಟಿಸುವ ದುಭಾಷಿ ಅವಳು. ಹೋದ ವರ್ಷ ಅವಳ ಮೆದುಳಿನ ಎಡಭಾಗದಿಂದ ಗಡ್ಡೆ ತೆಗೆದು, ಉಳಿದದ್ದನ್ನು ಸುಡಲು ರೇಡಿಯೇಷನ್ ಕೊಟ್ಟಿದ್ದರು. ಆಗ ಒಂದಷ್ಟು ಕಾಲ ಪದಗಳು ಅವಳ ಕೈಗೆ ಸಿಗದೆ ಹೋಗಿದ್ದವು. ಚಮಚ ಬೇಕಾದಾಗ ಬೆರಳು ತೋರಿಸಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಮೆಲ್ಲಗೆ ಒಂದೊಂದೇ ಮರಳಿ ಬಂದವು. ಎಲ್ಲ ಬಂದವು ಎನ್ನುವಷ್ಟರಲ್ಲಿ, ಈ ಸಲದ ಸ್ಕ್ಯಾನಿನಲ್ಲಿ ಹಳೆಯ ಗಾಯದ ಅಂಚಿಗೇ ಒಂದು ಬಿಳಿ ಚುಕ್ಕೆ ಕಾಣಿಸಿತು.

ಗಡ್ಡೆ ಮತ್ತೆ ಬಂದಿದ್ದರೆ ತೆಗೆಯಬೇಕು, ಆದರೆ ಈ ಸಲ ಮಾತಿನ ಜಾಗಕ್ಕೇ ಕೈ ಹಾಕಬೇಕಾಗುತ್ತದೆ, ಮಾತು ಹೋದರೂ ಹೋಗಬಹುದು ಎಂದು ಸರ್ಜನ್ ಹೇಳಿದಾಗ ಅಂಬಾ ಕೆಳಗೆ ರಕ್ತ ಪರೀಕ್ಷೆಗೆ ಹೋಗಿದ್ದಳು. ಚನ್ನವೀರ ಖಡಕಿಯ ಕಾರ್ಖಾನೆಯೊಂದರಲ್ಲಿ ಫಿಟರ್. ಕೆಟ್ಟದ್ದನ್ನು ತಡಮಾಡದೆ ಬಿಚ್ಚಿ ತೆಗೆಯುವುದು ಅವನಿಗೆ ಗೊತ್ತಿದ್ದ ದಾರಿ. "ತಗೀರಿ ಸಾಹೇಬ್ರ. ಜೀವ ಒಂದ ಉಳದ್ರ ಸಾಕು," ಎಂದುಬಿಟ್ಟಿದ್ದ. ಮನೆಗೆ ಬಂದು ಅವಳಿಗೆ ಆಪರೇಷನ್ನಿನ ವಿಷಯ ಹೇಳಿದ. ಮಾತಿನ ವಿಷಯ ಹೇಳಲಿಲ್ಲ.

ಅದನ್ನು ಈವತ್ತು ಬೆಳಿಗ್ಗೆ ವಾರ್ಡಿನ ಸಿಸ್ಟರ್ ಹೇಳಿದ್ದಳು, ಅಂಬಾಳಿಗೆ ಗೊತ್ತೇ ಇರಬೇಕೆಂದುಕೊಂಡು. ಸ್ಕ್ಯಾನಿಗೆ ಕಾಯುತ್ತ ಕುಳಿತಿದ್ದಾಗ ಅಂಬಾ ಬಳೆ ಬಿಚ್ಚಿ ಅವನ ಕೈಗೆ ಕೊಡುತ್ತ, ದನಿ ಏರಿಸದೆಯೇ ಕೇಳಿದ್ದಳು.

"ಮಾತು ಹೋಗಬಹುದು ಅಂದಿದ್ರಂತಲ್ಲ?"

ಅವನು ಬಳೆಗಳನ್ನೇ ನೋಡುತ್ತಿದ್ದ.

"ಬಾಯಿ ನಂದು. ಹೂಂ ಅಂದವ್ರು ನೀವು."

"ನೀ ಇರಬೇಕಲ್ಲ ಅಂಬಾ."

"ನಾ ಇರೂದು ಅಂದ್ರ ಏನು ಅಂತ ನನ್ನ ಒಂದ ಮಾತು ಕೇಳಬೇಕಿತ್ತು." ಅಷ್ಟು ಹೇಳಿ ಅವಳು ಒಳಗೆ ಹೋಗಿದ್ದಳು.

ಆಪರೇಷನ್ನಿಗೆ ಮೊದಲು ಇದೊಂದು ಪರೀಕ್ಷೆ ಆಗಲಿ ಎಂದವರು ನೀಲಿಮಾ. ಧಾರವಾಡದವರು, ಈ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡುವ ಡಾಕ್ಟರು. ರೇಡಿಯೇಷನ್ನಿನಿಂದ ಸುಟ್ಟು ಸತ್ತ ಭಾಗವೂ ಚಿತ್ರದಲ್ಲಿ ಹೀಗೇ ಬೆಳ್ಳಗೆ ಕಾಣುತ್ತದಂತೆ. "ಚಿತ್ರದಾಗ ಗಂಟು ಎಲ್ಲದ ಅಂತ ಅಷ್ಟ ತಿಳೀತದ್ರಿ," ಎಂದು ಅವರು ಬಿಡಿಸಿ ಹೇಳಿದ್ದರು. "ಈ ಪರೀಕ್ಷಾದಾಗ ಅದರ ಒಳಗ ಏನೇನು ರಸಾಯನ ಅದಾವ ಅಂತ ನೋಡ್ತೀವಿ. ಅದು ಉಂಡು ಬೆಳಿಲಿಕತ್ತದೋ, ಸತ್ತು ಬಿದ್ದದೋ, ಆ ಲೆಕ್ಕ. ಸೂಜಿ ಇಲ್ಲ, ಕತ್ತರಿ ಇಲ್ಲ. ಆದ್ರ ಅಲ್ಲಾಡಬಾರದು."

ಈಗ ಮೊದಲ ಸಲದ ಅಳತೆ ಕೆಟ್ಟಿತ್ತು. ಪರದೆಯ ಮೇಲಿನ ಗೆರೆ ಹುಲ್ಲು ಎದ್ದಂತೆ ತಲೆಬುಡವಿಲ್ಲದೆ ಎದ್ದಿತ್ತು. ನೀಲಿಮಾ ಮೈಕನ್ನು ಅವನ ಕಡೆ ಸರಿಸಿದರು.

"ನಾ ಎರಡ ಸಲ ಹೇಳಿದೆ. ನೀವ ಒಮ್ಮೆ ಹೇಳ್ರಿ, ಸುಮ್ನ ಇರು ಅಂತ."

ಚನ್ನವೀರ ಮೈಕಿನ ಗುಂಡಿ ಒತ್ತಿದ. ಮನೆಯಲ್ಲಿ ಎಷ್ಟು ಸಲ ಹಾಗೆ ಅಂದಿದ್ದನೋ, ಟಿವಿ ನೋಡುವಾಗ, ಪೇಪರು ಓದುವಾಗ. ಈಗ ಹಾಗೆ ಅನ್ನಲು ಮನಸ್ಸಾಗಲಿಲ್ಲ. ಒಳಗೆ ಅವಳು ಅಂಜಿ ಗೊಣಗುತ್ತಿಲ್ಲ, ಮನೆಯ ಸಾಮಾನು ಎಣಿಸಿದಂತೆ ತನ್ನ ಮಾತು ಇನ್ನೂ ತನ್ನ ಹತ್ತಿರವೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಾಳೆ ಎಂಬುದು ಅವನಿಗೆ ತಿಳಿದಿತ್ತು.

"ಅಂಬಾ," ಎಂದ.

ಸ್ಪೀಕರಿನಲ್ಲಿ ಪಿಸುದನಿ ನಿಂತಿತು.

"ನಾ ನಿನ್ನ ಕೇಳಲಾರದ ಹೂಂ ಅಂದೆ. ಅಂಜಿ ಅಂದೆ. ತಪ್ಪಾತು." ಪಕ್ಕದಲ್ಲಿ ನೀಲಿಮಾ ಪರದೆಯತ್ತ ಮುಖ ತಿರುಗಿಸಿದರು. "ಈಗ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಮಲಕ್ಕೊ. ಹೊರಗ ಬಂದ ಮ್ಯಾಲ ನೀ ಏನ ಹೇಳ್ತಿ ಅದನ್ನ ಕೇಳ್ತೀನಿ."

ಒಳಗೆ ಒಂದು ಪಾದ ಇನ್ನೊಂದರ ಪಕ್ಕಕ್ಕೆ ಸರಿದು ನಿಂತಿತು. ನೀಲಿಮಾ ಯಂತ್ರ ಶುರು ಮಾಡಿದರು. ಬಡಿತ ಮುಗಿಯುವವರೆಗೂ ಚನ್ನವೀರ ಕೂರಲಿಲ್ಲ.

ಈ ಸಲ ಗೆರೆ ಸ್ಪಷ್ಟವಾಗಿ ಬಂತು. ಅಂಬಾ ಬಂದು ಕುಳಿತ ಮೇಲೆ ನೀಲಿಮಾ ಇಬ್ಬರಿಗೂ ಪರದೆ ತೋರಿಸಿದರು. "ಗಡ್ಡಿ ಬೆಳಿಯೂವಾಗ ತನ್ನ ಕಣಗಳ ಸುತ್ತ ಹೊಸಾ ಗ್ವಾಡಿ ಕಟಗೋತದ್ರಿ. ಗ್ವಾಡಿ ಕಟ್ಟೂ ಸಾಮಾನು ಜಾಸ್ತಿ ಇದ್ರ ಇಲ್ಲೊಂದು ಎತ್ತರದ ಶಿಖರ ಏಳಬೇಕಿತ್ತು. ಎದ್ದಿಲ್ಲ. ಈ ಕಡೆ ಎದ್ದದ್ದು ಸತ್ತದ್ದರ ಕೊಬ್ಬು. ನನಗ ಕಾಣೂ ಮಟ್ಟಿಗೆ ಇದು ಸುಟ್ಟ ಭಾಗ, ಗಡ್ಡಿ ಅಲ್ಲ. ಆದ್ರ ನೂರಕ್ಕ ನೂರು ಅಂತ ನಾ ಹೇಳೂದಿಲ್ಲ. ಎರಡ ತಿಂಗಳು ಬಿಟ್ಟು ಮತ್ತ ನೋಡೂಣು."

ಸರ್ಜನ್ ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, ಆಪರೇಷನ್ ಮುಂದಕ್ಕೆ ಹಾಕಿದರು.

ಯೆರವಡಾದ ಮನೆಗೆ ವಾಪಸಾಗುವಾಗ ರಿಕ್ಷಾದಲ್ಲಿ ಅಂಬಾ ಬಳೆ ಏರಿಸಿಕೊಳ್ಳುತ್ತ ಕೇಳಿದಳು. "ಮುಂದ ಅದು ಖರೇನ ಬಂದ್ರ?"

"ನಿನ್ನ ಕೇಳ್ತೀನಿ."

"ಆಪರೇಷನ್ ಬ್ಯಾಡ ಅಂದ್ರ?"

ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತು. ಹಸಿರು ಬಿದ್ದು ಸೇತುವೆ ದಾಟಿತು. "ಬ್ಯಾಡ ಅಂದ್ರೂ ನಿನ್ನ ಮಾತ ಕೇಳ್ತೀನಿ," ಎಂದ ಕೊನೆಗೆ. ಅಂಬಾ ಹೊರಗೆ ನೋಡುತ್ತ ಕುಳಿತಳು, ಆದರೆ ಅವನ ಪಕ್ಕಕ್ಕೆ ತುಸು ಒರಗಿದ್ದಳು.

ಮುಂದಿನ ವಾರ ಕೋರ್ಟಿನಿಂದ ಕರೆ ಬಂತು. ಚನ್ನವೀರ ರಜೆ ಹಾಕಿ ಜೊತೆಗೆ ಹೊರಟ. ಇಷ್ಟು ವರ್ಷ ಅವಳನ್ನು ಗೇಟಿನ ತನಕ ಬಿಟ್ಟು ಬಂದವನು, ಅಂದು ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ.

ಕಟಕಟೆಯಲ್ಲಿ ರಂಗೂಬಾಯಿ ಎಂಬ ಹೆಂಗಸು ನಿಂತಿದ್ದಳು. ಇಂಡಿ ಕಡೆಯವಳು, ವಾಕಡದಲ್ಲಿ ಕಟ್ಟಡದ ಕೆಲಸಕ್ಕೆ ಬಂದವಳು. ಗುತ್ತಿಗೆದಾರನ ಪ್ಲಾಸ್ಟಿಕ್ ತಾಡಪತ್ರಿ ಕದ್ದು ತನ್ನ ಗುಡಿಸಲಿಗೆ ಹೊದಿಸಿಕೊಂಡಳು ಎಂದು ಅವಳ ಮೇಲೆ ಆರೋಪ.

"ಕದ್ದಿಲ್ರಿ," ಎಂದಳು ರಂಗೂಬಾಯಿ. "ಅವನ ಕಡಿಂದ ಇಸಗೊಂಡಿನ್ರಿ."

ಅಂಬಾ ಮರಾಠಿಯಲ್ಲಿ ಶುರು ಮಾಡಿದಳು. "ಮೀ ಚೋರಲೀ ನಾಹೀ..." ಅಲ್ಲಿ ನಿಂತಳು. ಇಸಗೊಂಡೆ ಎಂದರೆ ತೆಗೆದುಕೊಂಡೆ ಎಂದಷ್ಟೇ ಅಲ್ಲ. ಕೊಡುವವನ ಕೈಯಿಂದ ಈಸಿಕೊಂಡದ್ದು. ಬರೀ 'ತೆಗೆದುಕೊಂಡೆ' ಎಂದರೆ ಕದ್ದದ್ದೂ ಅದರಲ್ಲೇ ಸೇರುತ್ತದೆ. ಅವಳ ತುಟಿ ಒಮ್ಮೆ ತೆರೆದು ಮುಚ್ಚಿತು. ಸಾಹೇಬರು ತಲೆ ಎತ್ತಿದರು. ವಕೀಲನೊಬ್ಬ ಕಾಗದ ಮಗುಚುವುದನ್ನು ನಿಲ್ಲಿಸಿದ. ಚನ್ನವೀರನ ನಾಲಿಗೆಯ ತುದಿಗೆ ಯಾವುದೋ ಪದ ಬಂದಿತ್ತು. ಅವನು ಅದನ್ನು ಅಲ್ಲೇ ಹಿಡಿದು ಕುಳಿತ.

"ತ್ಯಾನೇ ದಿಲೀ," ಎಂದಳು ಅಂಬಾ ನಿಧಾನವಾಗಿ. "ಮಗ ಮೀ ಘೇತಲೀ." ಅವನು ಕೊಟ್ಟ, ಆಮೇಲೆ ನಾನು ತೆಗೆದುಕೊಂಡೆ.

ಟೈಪಿಸ್ಟ್ ಅದನ್ನು ಹೊಡೆದುಕೊಂಡ. ರಂಗೂಬಾಯಿ ಸೆರಗು ಸರಿಮಾಡಿಕೊಂಡು ಮುಂದಿನ ಮಾತಿಗೆ ಬಾಯಿ ತೆರೆದಳು. ಅಂಬಾ ಕತ್ತು ತುಸು ವಾಲಿಸಿ ಅವಳ ಕಡೆ ಕಿವಿಗೊಟ್ಟಳು.