ನಾಲ್ಕನೆಯ ಸತು

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಚರ್ಚಿನ ಹಿಂದಿನ ಹೊಲದಲ್ಲಿ ಮುಸುಕಿನ ಜೋಳ ಕೊಯ್ಯುವ ಯಂತ್ರ ಬೆಳಗಿನಿಂದಲೇ ಗುಡುಗುತ್ತಿತ್ತು. ಅದು ತಿರುಗಿ ಈ ಕಡೆ ಬಂದಾಗಲೆಲ್ಲ ನೆಲಮಾಳಿಗೆಯ ಅಡುಗೆಮನೆಯ ಕಿಟಕಿ ಸಣ್ಣಗೆ ನಡುಗುತ್ತಿತ್ತು. ಆರ್ಲಿಸ್ ಹೌಗ್ರುಡ್ ಏಪ್ರನ್ ಬಿಗಿದುಕೊಂಡು ನೂರೈವತ್ತು ಬನ್ನುಗಳಿಗೆ ಬೆಣ್ಣೆ ಸವರುತ್ತಿದ್ದಳು. ಊರಲ್ಲಿ ಯಾರೇ ಸತ್ತರೂ ಮಣ್ಣಾದ ಮೇಲಿನ ಊಟ ಚರ್ಚಿನ ಹೆಂಗಸರ ಜವಾಬ್ದಾರಿ. ತಿಂಗಳಿಗೊಂದು ಗುಂಪಿನ ಪಾಳಿ. ಈ ತಿಂಗಳು ಆರ್ಲಿಸಳ ಗುಂಪಿನದು. ಸತ್ತವರು ಡಾಕ್ಟರ್ ವರ್ಲಿನ್ ಸ್ಕಾರ್, ಅವಳು ಮೂವತ್ತೊಂದು ವರ್ಷ ದುಡಿದ ಲ್ಯಾಬಿನ ಯಜಮಾನರು.

"ನೀನು ಇವತ್ತು ಮೇಲೆ ಕೂತ್ಕೋಬೇಕಿತ್ತು ಕಣೇ, ಮನೆಯವರ ಜೊತೆ," ಎಂದಳು ಹ್ಯಾಮ್ ತುಂಡುಗಳನ್ನು ಬಿಡಿಸುತ್ತಿದ್ದ ಬರ್ನೀಸ್.

"ಆಮೇಲೆ ಬೆಣ್ಣೆ ಯಾರು ಹಚ್ತಾರೆ? ನಿನ್ನ ಕೈಗೆ ಕೊಟ್ರೆ ಅರ್ಧ ಬನ್ನು ಒಣಗೇ ಇರುತ್ತೆ."

"ಓಹೋ! ನಿನ್ನ ಥರ ಅಳೆದು ಹಚ್ಚೋಕೆ ನಾನೇನು ಲ್ಯಾಬಲ್ಲಿ ಕೂತವಳಾ?"

ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಒಂದು ಕಾಲಕ್ಕೆ ಸ್ಕಾರರ ವಿದ್ಯಾರ್ಥಿಯಾಗಿದ್ದ, ಈಗ ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದ ಗಾರ್ತ್ ಪ್ರೂಟ್, ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಒಂದು ವಸ್ತುವನ್ನು ತಬ್ಬಿ ಇಳಿದು ಬಂದ. ತಂತಿಯಲ್ಲಿ ಮರದ ಗುಂಡುಗಳನ್ನು ಪೋಣಿಸಿ, ಸುತ್ತಿ ಸುತ್ತಿ ಗಂಟು ಹಾಕಿದಂತಿದ್ದ ಮಾದರಿ ಅದು. ಊಟದ ಕೋಣೆಯ ಬಾಗಿಲಲ್ಲಿ ಸ್ಕಾರರ ಫೋಟೋ, ಪದಕಗಳನ್ನಿಟ್ಟಿದ್ದ ಮೇಜಿನ ನಡುವೆ ಅದನ್ನು ಜೋಪಾನವಾಗಿ ಇಳಿಸಿದ. ಗಂಟಿನೊಳಗೆ ಮೂರು ಬೂದು ಬಣ್ಣದ ಗುಂಡುಗಳು. ನಾಲ್ಕನೆಯದು ಇರಬೇಕಾದ ಕಡೆ ಒಂದು ಬೋಳು ತಂತಿ ಹೊರಚಾಚಿತ್ತು.

"ಏನ್ರೀ ಆರ್ಲಿಸ್, ಕಪ್ಪುಗಳನ್ನ ಚೆನ್ನಾಗಿ ತೊಳೆದಿದ್ದೀರಿ ತಾನೆ? ಕಾಫಿಯಲ್ಲಿ ಸತು ಬಂದುಬಿಟ್ಟೀತು!"

ಅವಳು ನಕ್ಕಳು. ಆ ಮಾತಿಗೆ ನಗುವುದು ಅವಳಿಗೆ ಮೂವತ್ತು ವರ್ಷಗಳ ರೂಢಿ.

*

ಮಂಗಳವಾರ ಮಂಗಳವಾರ ಕಸಾಯಿಖಾನೆಗೆ ಹೋಗಿ, ಆಗಷ್ಟೇ ತೆಗೆದ ಹಂದಿಯ ಯಕೃತ್ತುಗಳನ್ನು ಐಸಿನ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬರುತ್ತಿದ್ದವಳು ಅವಳೇ. ರುಬ್ಬುವುದು, ಸೋಸುವುದು, ಉಪ್ಪು ಹಾಕಿ ಗರಣೆ ಕಟ್ಟಿಸುವುದು. ಅಪ್ಪ ಕೊಟ್ಟಿಗೆ ಕೆಲಸಕ್ಕೆ ಹಾಕುತ್ತಿದ್ದ ಕೋಟು ತೊಟ್ಟು ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ನಿಂತರೆ, ಎರಡು ಪೆಟ್ಟಿಗೆ ಯಕೃತ್ತಿನಿಂದ ಒಂದು ಚಿಟಿಕೆ ಬಿಳಿಯ ಪುಡಿ ಸಿಗುತ್ತಿತ್ತು. ಅದೇ ಸ್ಕಾರರ ಪ್ರೋಟೀನು. ಉದ್ದನೆಯ ಎಳೆಯೊಂದು ತನಗೆ ತಾನೇ ಮಡಿಚಿಕೊಂಡು ಗಂಟಾಗುತ್ತದೆ, ಆ ಮಡಿಕೆಗಳಲ್ಲಿ ಸತುವಿನ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಅವರು ಕಂಡುಹಿಡಿದಿದ್ದರು. ಎಷ್ಟು ಕಣ? ಈ ಒಂದು ಪ್ರಶ್ನೆಗೆ ಅವರು ಆಯುಷ್ಯವನ್ನೇ ತೆತ್ತಿದ್ದರು.

ಸತು ಎಲ್ಲ ಕಡೆಯೂ ಇರುವ ವಸ್ತು. ಕೊಟ್ಟಿಗೆಯ ತಗಡಿನಲ್ಲಿ, ಬಕೆಟ್ಟಿನಲ್ಲಿ, ಕೂಸಿನ ಮುಲಾಮಿನಲ್ಲಿ, ರಬ್ಬರಿನಲ್ಲಿ, ಮನುಷ್ಯನ ಬೆವರಿನಲ್ಲಿ. ಅದಕ್ಕೇ ಆರ್ಲಿಸ್ ಲ್ಯಾಬಿಗೆ ಹೋಗುವಾಗ ಮುಖಕ್ಕೆ ಪೌಡರು ಹಾಕುತ್ತಿರಲಿಲ್ಲ. ಪ್ರತಿ ಗಾಜಿನ ಪಾತ್ರೆಯನ್ನೂ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಮೂರು ಸಲ ಬಟ್ಟಿಯಿಳಿಸಿದ ನೀರಿನಲ್ಲಿ ಆರು ಸಲ ಜಾಲಾಡುತ್ತಿದ್ದಳು. 'ಈ ಕೋಣೆಗೆ ರಬ್ಬರ್ ತರಕೂಡದು' ಎಂದು ಬಾಗಿಲ ಮೇಲೆ ಸ್ಕಾರರೇ ಬರೆದು ಅಂಟಿಸಿದ್ದರು.

ಎಪ್ಪತ್ತೆರಡನೆಯ ಇಸವಿಯಲ್ಲಿ ಉತ್ತರ ಬಂತು: ನಾಲ್ಕು. ಪತ್ರಿಕೆಯಲ್ಲಿ ಲೇಖನ ಬಂತು, ಪದಕ ಬಂತು. ಎರಡು ವರ್ಷ ಕಳೆಯುವುದರೊಳಗೆ ಪೂರ್ವದ ಕಡೆಯ ಇನ್ನೊಂದು ಲ್ಯಾಬು ಅದೇ ಪ್ರೋಟೀನನ್ನು ಅಳೆದು ಮೂರೇ ಎಂದಿತು. ಮತ್ತೊಮ್ಮೆ ಅಳೆದರೆ ಇಲ್ಲೂ ಮೂರೇ. ಮರದ ಮಾದರಿಯಿಂದ ನಾಲ್ಕನೆಯ ಬೂದು ಗುಂಡನ್ನು ಕಳಚಿದರು. ಎಪ್ಪತ್ತನಾಲ್ಕರ ಏಪ್ರಿಲ್‌ನಲ್ಲಿ ಸ್ಕಾರರು ಪತ್ರಿಕೆಗೊಂದು ತಿದ್ದುಪಡಿ ಬರೆದು, ಲಕೋಟೆ ಅಂಟಿಸಿ, "ಆರ್ಲಿಸ್, ಮನೆಗೆ ಹೋಗ್ತಾ ಇದನ್ನ ಅಂಚೆಗೆ ಹಾಕ್ಬಿಡು," ಎಂದರು. ಅವಳು ಹಾಕಿದಳು. ಜೂನ್ ಸಂಚಿಕೆ ಬಂದಾಗ ಓದಿದಳು: 'ನಾಲ್ಕನೆಯ ಸತುವು, ತಾಂತ್ರಿಕ ಸಹಾಯಕಿಯು ಗಾಜಿನ ಪಾತ್ರೆಗಳನ್ನು ಸರಿಯಾಗಿ ತೊಳೆಯದ ಕಾರಣ ಸೇರಿದ ಕಲ್ಮಶ.'

ಆ ಲ್ಯಾಬಿನಲ್ಲಿ ಇದ್ದ ಸಹಾಯಕಿ ಒಬ್ಬಳೇ.

ಅವಳು ಏನನ್ನೂ ಕೇಳುವ ಮೊದಲೇ ಸ್ಕಾರರು, "ಹೋಗ್ಲಿ ಬಿಡು, ಯಾರ ಕೈಯಲ್ಲಾದ್ರೂ ಆಗುತ್ತೆ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ, ನಾನಿದ್ದೀನಿ," ಎಂದಿದ್ದರು.

ಅವಳು ಕಣ್ಣು ಒರೆಸಿಕೊಂಡು, "ನಿಮ್ಮ ಉಪಕಾರ," ಎಂದಿದ್ದಳು.

ಆಮೇಲೆ ಅವಳು ಜಾಲಾಡುವುದನ್ನು ಆರರಿಂದ ಹತ್ತಕ್ಕೆ ಏರಿಸಿದಳು. ಎಲ್ಲರೂ ಹೋದ ಮೇಲೆ ಒಬ್ಬಳೇ ನೀರನ್ನು, ಆಮ್ಲವನ್ನು, ಬ್ರಷ್ಷಿನ ಕೂದಲನ್ನು, ತನ್ನ ಕೈ ತೊಳೆದ ನೀರನ್ನು ಅಳೆದಳು. ತಪ್ಪು ಎಲ್ಲೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಕೈಯೇ ಸರಿಯಿಲ್ಲ ಎಂದುಕೊಂಡಳು. ಬೇರೆ ಊರಿನ ಲ್ಯಾಬಿಗೆ ಅರ್ಜಿ ಹಾಕಿದಾಗ ಅಲ್ಲಿನವರು, "ಓ, ಆ ಪಾತ್ರೆ ತೊಳೆದವರು ನೀವೇನಾ?" ಎಂದು ನಕ್ಕು ಕಳಿಸಿದರು. ಪ್ರತಿ ಕ್ರಿಸ್‌ಮಸ್ಸಿಗೂ ಆಲೂಗಡ್ಡೆಯ ತೆಳು ರೊಟ್ಟಿ ಲೆಫ್ಸೆಯನ್ನು ಲಟ್ಟಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಸ್ಕಾರರ ಮನೆಗೆ ಒಯ್ದು ಕೊಡುತ್ತಿದ್ದಳು. ಕೆಲಸದಲ್ಲಿ ಉಳಿಸಿಕೊಂಡವರ ಋಣ ಎಂದು.

*

ಮಣ್ಣು ಮುಗಿಸಿ ಜನ ನೆಲಮಾಳಿಗೆಗೆ ಇಳಿದರು. ಹೊಲದಿಂದ ನೇರವಾಗಿ ಬಂದ ರೈತರು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು. ಗಾರ್ತ್ ಮೈಕು ಹಿಡಿದ. ಆರ್ಲಿಸ್ ಅಡುಗೆಮನೆಯ ಬಡಿಸುವ ಕಿಂಡಿಯಲ್ಲಿ ಕಾಫಿ ಹೂಜಿ ಹಿಡಿದು ನಿಂತಿದ್ದಳು.

"ನಮ್ಮ ಮೇಷ್ಟ್ರು ಒಂದೇ ಒಂದು ಸಲ ತಪ್ಪು ಮಾಡಿದ್ರು, ಅದೂ ಅವರ ತಪ್ಪಲ್ಲ," ಎಂದ ಗಾರ್ತ್. ಹಳೆಯ ವಿದ್ಯಾರ್ಥಿಗಳು ಆಗಲೇ ನಗತೊಡಗಿದ್ದರು. "ಆ ತಪ್ಪು ಮಾಡಿದವರು ಈಗ ನಿಮಗೆ ಕಾಫಿ ಕೊಡ್ತಿದ್ದಾರೆ, ಕಪ್ಪನ್ನ ಒಂದ್ಸಲ ಮೂಸಿ ನೋಡಿ! ಆದ್ರೆ ಮೇಷ್ಟ್ರು ಎಂಥಾ ಮನುಷ್ಯ ಅಂತೀರಿ? ಬೇರೆಯವರಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಇವರು ಒಂದು ಗಟ್ಟಿ ಮಾತೂ ಆಡ್ಲಿಲ್ಲ."

ಇಡೀ ಕೋಣೆ ನಗೆಯಿಂದ ತುಂಬಿತು. ಕೆಲವರು ಅವಳ ಕಡೆ ಪ್ರೀತಿಯಿಂದಲೇ ಕಪ್ಪು ಎತ್ತಿ ತೋರಿಸಿದರು.

"ಬಾಯಿಗೆ ಬೀಗ ಇಲ್ಲ ಮುಂಡೇದಕ್ಕೆ," ಎಂದು ಬರ್ನೀಸ್ ಗೊಣಗಿದಳು. "ನೀನೂ ಯಾಕೆ ನಗ್ತೀಯೆ?"

"ಅವನು ನಿಜಾನೇ ಹೇಳ್ತಿರುವಾಗ ಇನ್ನೇನು ಮಾಡ್ಲಿ?"

ಆಗ ಸ್ಕಾರರ ಹೆಂಡತಿ ಮಾರ್ಡೆಲ್ ಹಿಂದಿನ ಬಾಗಿಲಿಂದ ಅಡುಗೆಮನೆಗೆ ಬಂದರು. ಕರಿಯ ಕೈಚೀಲದಿಂದ ಕೆಮ್ಮಿನ ಗುಳಿಗೆಯ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದು, ಬನ್ನುಗಳ ಪಕ್ಕದಲ್ಲಿಟ್ಟರು.

"ಇದು ನಿನಗೆ. 'ನಾನು ಹೋದ್ಮೇಲೆ ಕೊಡು, ಮೊದಲು ಬೇಡ' ಅಂದಿದ್ರು ಅವರು."

"ಏನಿದು?"

ಮಾರ್ಡೆಲ್ ಸಿಂಕಿನ ಕಡೆ ನೋಡಿದರು. "ತೆಗೆದು ನೋಡು."

ಒಳಗೆ ಒಂದು ಕರಿಯ ರಬ್ಬರ್ ಬಿರಡೆ, ನಡುವೆ ನಳಿಕೆ ತೂರಿಸುವ ತೂತು. ಅದಕ್ಕೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಆ ಬಾಗಿದ ಅಕ್ಷರಗಳನ್ನು ಅವಳು ಕತ್ತಲಲ್ಲಿಯೂ ಗುರುತಿಸಬಲ್ಲವಳಾಗಿದ್ದಳು.

'16 ಏಪ್ರಿಲ್ 1972, ಭಾನುವಾರ. ಪ್ರೋಟೀನಿನ ಸೀಸೆಯ ಗಾಜಿನ ಬಿರಡೆ ನನ್ನ ಕೈಯಿಂದ ಬಿದ್ದು ಒಡೆಯಿತು. ಬದಲಿಗೆ ಇದನ್ನು ಹಾಕಿದೆ. ವ. ಸ್ಕಾರ್.'

ಅದರ ಕೆಳಗೆ, ಬೇರೆ ಪೆನ್ನಿನಲ್ಲಿ: '3 ಮಾರ್ಚ್ 1974. ಇದನ್ನೇ ನೆನೆಸಿ ಅಳೆದೆ. ಸತು ಬಂದದ್ದು ಇದರಿಂದಲೇ.'

ಆರ್ಲಿಸ್ ಎರಡು ಸಲ ಓದಿದಳು. ಆ ಭಾನುವಾರ ಅವಳು ಇದೇ ಚರ್ಚಿನಲ್ಲಿದ್ದಳು, ತಂಗಿಯ ಮಗುವಿನ ದೀಕ್ಷಾಸ್ನಾನಕ್ಕೆ. ಮಾರ್ಚ್‌ನಲ್ಲಿ ಅಳೆದಿದ್ದಾರೆ. ಪತ್ರ ಅಂಚೆಗೆ ಬಿದ್ದದ್ದು ಏಪ್ರಿಲ್‌ನಲ್ಲಿ.

"ನಿಮಗೂ ಗೊತ್ತಿತ್ತಾ?"

"ಅವರಿಗೆ ಹೇಳ್ಬೇಕು ಅಂತಲೇ ಇತ್ತು ಆರ್ಲಿಸ್. ಪ್ರತಿ ಕ್ರಿಸ್‌ಮಸ್ಸಿಗೂ ನೀನು ಬಾಗಿಲು ತಟ್ಟಿದಾಗ ಎದ್ದು ಒಳಗೆ ಹೋಗ್ಬಿಡೋರು. ಆ ರೊಟ್ಟಿ ಒಂದು ಚೂರೂ ಅವರ ಗಂಟಲಲ್ಲಿ ಇಳೀತಿರ್ಲಿಲ್ಲ."

"ಮತ್ತೆ ಯಾರು ತಿಂತಿದ್ರು?"

"ನಾನು," ಎಂದರು ಮಾರ್ಡೆಲ್. ಆಮೇಲೆ, "ಅವರು ಒಳ್ಳೆಯವರೇ ಕಣೇ. ಇವತ್ತೊಂದು ದಿನ ಬಿಟ್ಬಿಡು. ಮನೆಗೆ ಒಯ್ದು ಇಟ್ಕೋ."

ಹೊರಗೆ ಗಾರ್ತ್ ಮೈಕು ಇಳಿಸಿದ್ದ, ಚಪ್ಪಾಳೆ ಬಿತ್ತು. ಸಿಂಕಿನ ಪಕ್ಕ ಎಂಜಲು ಕಪ್ಪುಗಳು ಒಂದರ ಮೇಲೊಂದು ಏರುತ್ತಿದ್ದವು. ಆರ್ಲಿಸ್ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಎಂಬಂತೆ ನೋಡಿದಳು. ಆಮ್ಲ ತಿಂದು ಬೆರಳ ತುದಿಗಳು ನುಣ್ಣಗಾಗಿದ್ದವು. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

"ಎಲ್ಲಿಗೇ? ಇಷ್ಟೊಂದು ಕಪ್ಪು ಬಿದ್ದಿದೆ!" ಎಂದಳು ಬರ್ನೀಸ್.

"ಇವತ್ತು ಬೇರೆ ಯಾರಾದ್ರೂ ತೊಳೀಲಿ."

ಅವಳು ಜನರ ನಡುವೆ ನಡೆದು ಬಾಗಿಲ ಬಳಿಯ ಮೇಜಿಗೆ ಹೋದಳು. ಮರದ ಗಂಟಿನೊಳಗಿಂದ ಚಾಚಿದ್ದ ಬೋಳು ತಂತಿಗೆ ಬಿರಡೆಯ ತೂತನ್ನು ಹಿಡಿದು ಒತ್ತಿದಳು. ಸಡಿಲವಾಗಿ ಕೂತಿತು. ಚೀಟಿ ದಾರದ ತುದಿಯಲ್ಲಿ ನೇತುಬಿದ್ದು ನಿಧಾನಕ್ಕೆ ತಿರುಗತೊಡಗಿತು. ಅವಳು ಕೋಟು ಹುಡುಕಲಿಲ್ಲ, ಕದಲಲೂ ಇಲ್ಲ.

ಕಾಫಿ ಕಪ್ಪು ಹಿಡಿದು ಯಾರೊಡನೆಯೋ ನಗುತ್ತ ಬಂದ ಗಾರ್ತ್ ಮೇಜಿನ ಮುಂದೆ ನಿಂತ. "ಇದೇನಿದು, ಯಾರು ಸಿಕ್ಕಿಸಿದ್ದು?" ಎಂದು ಜೇಬಿನಿಂದ ಕನ್ನಡಕ ತೆಗೆದು ಬಾಗಿದ. ಹೊಲದ ಯಂತ್ರ ಮತ್ತೆ ಚರ್ಚಿನ ಕಡೆ ತಿರುಗಿತು. ಮೇಜು ಸಣ್ಣಗೆ ನಡುಗಿ, ಚೀಟಿ ಮತ್ತೊಂದು ಸುತ್ತು ಸುತ್ತಿತು. ಗಾರ್ತ್ ಅದನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿದ.