ಪದ್ಮಮ್ಮನ ಮೆಟ್ಟಿಲ ಮೇಲೆ ವಾಷಿಂಗ್ಟನ್‌ಗಳು

ಪದ್ಮಮ್ಮ ಬೊಂಬೆ ಕೂರಿಸ್ತಾಳೆ ಅಂದ್ರೆ ಶಿಕಾಗೋಗೆ ಹೋಗೋ ರೈಲು ಡೌನರ್ಸ್ ಗ್ರೋವಲ್ಲಿ ಒಂದು ಗಳಿಗೆ ಜಾಸ್ತಿ ನಿಂತು, ಇಣುಕಿ ನೋಡ್ಕೊಂಡೇ ಮುಂದಕ್ಕೆ ಹೋಗ್ಬೇಕು. ಅಂಥಾ ಬೊಂಬೆ ಅವಳದು. ಮೈಸೂರಿಂದ ಇಲ್ಲಿಗೆ, ಮಗನ ಮನೆಗೆ ಬರೋವಾಗ ಆ ಬೊಂಬೆ ಸೂಟ್‌ಕೇಸು ಹೊತ್ತು ಹೊತ್ತು ವಿಮಾನಕ್ಕೇ ಸೊಂಟ ಹಿಡ್ಕೊಂಡಿತ್ತಂತೆ.

ಇಷ್ಟಿದ್ರೂ ಹೋದ ವರ್ಷ ದಸರಾಲಿ ಮನೆಗೆ ಒಂದು ಮಗೂನೂ ಬರಲಿಲ್ಲ. ಮಕ್ಕಳು ಗದ್ದಲ ಮಾಡ್ಕೊಂಡು ಬಂದು, ಬೊಂಬೆ ನೋಡಿ, ಹಬ್ಬದ ತಿಂಡಿ ಚರ್ಪು ಇಸ್ಕೊಂಡು ತಿನ್ನದೇ ಹೋದ್ರೆ ಅದೇನು ಹಬ್ಬಾನೋ? ಅವಳು ಮಾಡಿಟ್ಟಿದ್ದ ಕಡಲೆಕಾಳು ಉಸಲೀನ ಮಗ ವಿವೇಕ್ ಒಬ್ಬನೇ ದೀಪಾವಳಿವರೆಗೂ ತಿಂದ. ಮೊಮ್ಮಗಳು ನಿಹಾರಿಕಾಗೆ "ನಿನ್ನ ಫ್ರೆಂಡ್ಸ್‌ನ ಕರ್ಕೊಂಡು ಬಾರೇ" ಅಂದಿದ್ದಕ್ಕೆ, "ದೇ ವೋಂಟ್ ಗೆಟ್ ಇಟ್, ಅಜ್ಜಿ" ಅಂತ ರೂಮಿನ ಬಾಗಿಲು ಹಾಕ್ಕೊಂಡಿತ್ತು ಹುಡುಗಿ. ಐದನೇ ಕ್ಲಾಸು, ಮೂಗಿನ ತುದೀಲೇ ಕೋಪ. ಬಾಗಿಲು ಹಾಕಿದ ಸದ್ದು ಪದ್ಮಮ್ಮನ ಎದೇಲಿ ವರ್ಷಪೂರ್ತಿ ಇತ್ತು.

ಈ ವರ್ಷ ಅದೇ ಹುಡುಗಿ ತಾನಾಗೇ ಬಂದು ಸೆರಗು ಹಿಡೀತು. ಸ್ಕೂಲಲ್ಲಿ ಪ್ರಾಜೆಕ್ಟಂತೆ. ಒಂದೇ ಲಾಸ್ಟ್ ನೇಮ್ ಇರೋ, ಅಮೆರಿಕದ ಹಳೇ ಕಾಲದ ದೊಡ್ಡೋರ ಕತೆ ಹೇಳ್ಬೇಕಂತೆ. ಇವಳ ಜೊತೆಗಾತಿ ಜಾಸ್ಮಿನ್ ವಾಷಿಂಗ್ಟನ್, ಕಪ್ಪು ಜನರ ಮನೆ ಹುಡುಗಿ, ನಕ್ಕರೆ ಬೀದಿಗೆಲ್ಲಾ ಕೇಳ್ಬೇಕು. ಅವಳ ಹೆಸರೇ ಇರೋರನ್ನ ಇಬ್ಬರೂ ಆರಿಸ್ಕೊಂಡಿದ್ರು.

"ಅಜ್ಜಿ, ಆ ನಾಲ್ಕು ಜನರ ಡಾಲ್ಸ್ ಮಾಡಿ ನಿನ್ ಸ್ಟೆಪ್ಸ್ ಮೇಲೆ ಇಡ್ತೀಯಾ? ಶುಕ್ರವಾರ ಜಾಸ್ಮಿನ್ ನೋಡಕ್ಕೆ ಬರ್ತಾಳೆ."

"ಇಡ್ತೀನಾ ಅಂತ ಕೇಳ್ತೀಯಲ್ಲೇ! ಬೇಕಿದ್ರೆ ಅಮೆರಿಕಾನೇ ತಂದು ಕೂರಿಸ್ತೀನಿ."

ಸೊಸೆ ಪವಿತ್ರ ಗ್ಯಾರೇಜ್ ಸೇಲಿಂದ ಹಳೇ ಬೊಂಬೆಗಳನ್ನ ತಂದುಕೊಟ್ಟಳು. ಪದ್ಮಮ್ಮ ರವಿಕೆ ಕಣ ಕತ್ತರಿಸಿ ಕೋಟು ಹೊಲಿದಳು. ಜಾರ್ಜ್ ವಾಷಿಂಗ್ಟನ್ನಿಗೆ ಬಿಳೀ ಕೂದಲು ಬೇಕಲ್ಲ, ಗೆಜ್ಜೆವಸ್ತ್ರ ಮಾಡೋ ಹತ್ತೀನೇ ಅಂಟಿಸಿದಳು. ನಿಹಾರಿಕಾ ಪಕ್ಕದಲ್ಲಿ ಕೂತ್ಕೊಂಡು ಬುಕರ್ ಟಿ. ವಾಷಿಂಗ್ಟನ್ ಕತೆ ಹೇಳ್ತು: ಓದೋ ಆಸೆಗೆ ನೂರಾರು ಮೈಲಿ ದಾಟ್ಕೊಂಡು ಒಂದು ಸ್ಕೂಲಿಗೆ ಹೋದ್ನಂತೆ, ಟೀಚರಮ್ಮ ಒಂದು ರೂಮು ಗುಡಿಸು ಅಂದ್ಲಂತೆ, ಅವನು ಮೂರು ಸಲ ಗುಡಿಸಿದ್ದಕ್ಕೆ ಸೇರಿಸ್ಕೊಂಡ್ಲಂತೆ. ಆಮೇಲೆ ತಾನೇ ಒಂದು ಸ್ಕೂಲು ನಡೆಸಿದ್ನಂತೆ.

"ಗುಡಿಸೋದು ಕಲಿತೋನು ಏನು ಬೇಕಾದ್ರೂ ಕಲೀತಾನೆ. ನಿಮ್ಮಪ್ಪ ಇವತ್ತಿನವರೆಗೂ ಪೊರಕೆ ಉಲ್ಟಾ ಹಿಡೀತಾನೆ" ಅಂದ್ಕೊಂಡು ಪದ್ಮಮ್ಮ ಬುಕರ್ ಕೈಗೆ ಪುಸ್ತಕ ಕೊಟ್ಟಳು.

ಶಿಕಾಗೋಗೆ ಮೇಯರ್ ಆಗಿದ್ದ ಹೆರಾಲ್ಡ್ ವಾಷಿಂಗ್ಟನ್ನಿಗೆ ಟೈ ಕಟ್ಟಿದ್ದಾಯ್ತು. ಹಾಡುಗಾರ್ತಿ ಡೈನಾ ವಾಷಿಂಗ್ಟನ್ನಿಗೆ ಜರಿ ಗೌನು ಹೊಲೀತಿರೋವಾಗ ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸಿಂದ ಮಗಳು ಸಿಂಧು ಫೋನ್ ಮಾಡಿದಳು.

"ಅಮ್ಮಾ, ಆ ಡೈನಾ ತೀರ್ಕೊಂಡಿದ್ದು ನಮ್ಮ ಡೆಟ್ರಾಯ್ಟಲ್ಲಿ. ಅವಳು ನಮ್ಮೂರೋಳು!"

"ಬೆಳೆದಿದ್ದು ಶಿಕಾಗೋಲಿ ಕಣೇ. ಹಾಲು ಕುಡಿಸಿದ್ದು ನಾವು, ನೀವೇನು ಹೂವು ಇಟ್ಟಿದ್ದಷ್ಟೇ. ಇಡು ಫೋನು."

ಶುಕ್ರವಾರ ಮಧ್ಯಾಹ್ನ ಎಲ್ಲರೂ ಆಫೀಸಿಗೆ ಹೋಗಿದ್ದಾಗ ಪದ್ಮಮ್ಮ ಒಬ್ಬಳೇ ತನ್ನ ಬೊಂಬೆಗಳ ಪಕ್ಕ ವಾಷಿಂಗ್ಟನ್‌ಗಳಿಗೇ ಬೇರೆ ಮೆಟ್ಟಿಲು ಜೋಡಿಸಿದಳು. ಮೈಸೂರ ಬೊಂಬೆ ಅಂದ್ಮೇಲೆ ಎಲ್ಲಕ್ಕಿಂತ ಮೇಲೆ ಪಟ್ಟದ ಬೊಂಬೆ, ರಾಜ-ರಾಣಿ, ಇರಲೇಬೇಕು. ಅವಳು ರಾಣಿ ಬೇಕಲ್ಲ ಅಂತ ಇನ್ನೊಂದು ಬೊಂಬೇನ ಜಾರ್ಜ್ ಹೆಂಡತಿ ಮಾರ್ಥಾ ಮಾಡಿ, ಇಬ್ಬರಿಗೂ ಫಳಫಳ ಅನ್ನೋ ಕಿರೀಟ ಇಟ್ಟು ಮೇಲೆ ಕೂರಿಸಿದಳು. ಒಂದೇ ಹೆಸರು ಅಂದ್ರೆ ಒಂದೇ ವಂಶ ತಾನೆ? ಕೆಳಗಡೆ ಮೆಟ್ಟಿಲಲ್ಲಿ ಮಗ ಬುಕರ್. ಅದರ ಕೆಳಗೆ ಮೊಮ್ಮಕ್ಕಳು ಹೆರಾಲ್ಡ್, ಡೈನಾ. ತಾತನ ಕಾಲ ಹತ್ರ ಎಲ್ಲರೂ ವಿನಯವಾಗಿ ನಿಂತಿದ್ರು. ನೋಡಿ ನೋಡಿ ಅವಳ ದೃಷ್ಟೀನೇ ತಾಗೋ ಹಾಗಿತ್ತು.

ನಿಹಾರಿಕಾ ಸ್ಕೂಲ್ ಬಸ್ ಇಳಿದು ಒಳಗೆ ಬಂದೋಳೇ ಬ್ಯಾಗನ್ನ ಧೊಪ್ಪಂತ ಬಿಟ್ಟಳು.

"ಅಜ್ಜಿ! ನೋ! ವಾಟ್ ಡಿಡ್ ಯು ಡೂ?"

"ಏನಾಯ್ತೇ? ಕಿರೀಟ ಸೊಟ್ಟಗಿದೆಯಾ?"

"ಅವನು ಕಿಂಗ್ ಅಲ್ಲ! ಕಿಂಗ್ ಜೊತೆ ಫೈಟ್ ಮಾಡಿದೋನು! ಮತ್ತೆ ಬುಕರ್ ಅವನ ಮಗ ಅಲ್ಲ, ಯಾರೂ ಯಾರಿಗೂ ಏನೂ ಆಗ್ಬೇಕಿಲ್ಲ. ಜಾರ್ಜ್ ಮನೇಲಿ ಸ್ಲೇವ್ಸ್ ಇದ್ರು, ಅಜ್ಜಿ. ಮನುಷ್ಯರನ್ನೇ ಇಟ್ಕೊಂಡಿದ್ದ. ಬುಕರ್ ಹುಟ್ಟಿದ್ದೇ ಸ್ಲೇವ್ ಆಗಿ, ಬೇರೆಯವರ ಮನೇಲಿ. ಅವನನ್ನ ಜಾರ್ಜ್ ಕಾಲ ಹತ್ರ ನಿಲ್ಲಿಸಿದೀಯ! ಜಾಸ್ಮಿನ್ ನೋಡಿದ್ರೆ ನನ್ನ ಜೊತೆ ಇನ್ನು ಮಾತೇ ಆಡಲ್ಲ. ಬರಬೇಡ ಅಂತ ಹೇಳ್ತೀನಿ." ಹುಡುಗಿ ಕಣ್ಣಲ್ಲಿ ನೀರು.

ಪದ್ಮಮ್ಮಂಗೆ ಕಾಲ ಕೆಳಗಿನ ಕಾರ್ಪೆಟ್ಟೇ ಎಳೆದಂಗಾಯ್ತು. ಆದ್ರೂ ಸುಮ್ಮನೆ ಸೋಲೋಳಲ್ಲ. "ಒಂದೇ ಹೆಸರು ಇಟ್ಕೊಂಡು ಸಂಬಂಧ ಇಲ್ಲ ಅಂದ್ರೆ ಯಾರು ನಂಬ್ತಾರೆ?"

"ನನ್ನ ಲಾಸ್ಟ್ ನೇಮ್ ಏನು?"

"ವೆಂಕಟರಾಮು. ನಿಮ್ಮ ತಾತನ ಹೆಸರು. ನಮಗೆಲ್ಲಿತ್ತು ಮನೆತನದ ಹೆಸರು? ಪಾಸ್‌ಪೋರ್ಟಿಗೆ ಕೊಡಿ ಅಂದ್ರು, ಕೊಟ್ವಿ."

"ಬುಕರ್‌ಗೂ ಹಾಗೇ. ಸ್ಕೂಲಲ್ಲಿ ಟೀಚರ್ ಕೇಳಿದ್ರು, ಅವನಿಗೆ ಲಾಸ್ಟ್ ನೇಮೇ ಇರ್ಲಿಲ್ಲ, ವಾಷಿಂಗ್ಟನ್ ಅಂತ ತಾನೇ ಹೇಳ್ಬಿಟ್ಟ. ಡೈನಾನೂ ಹುಟ್ಟಿದಾಗ ರೂತ್ ಜೋನ್ಸ್. ಸಿಂಧು ಅತ್ತೆ ಬೀದೀಲಿ ಒಬ್ರು ವೆಂಕಟರಾಮು ಅಂಕಲ್ ಇದಾರಲ್ಲ, ಅವರು ನನ್ನ ತಾತನಾ?"

"ಬಿಡ್ತು ಅನ್ನೇ!" ಪದ್ಮಮ್ಮ ಕೆನ್ನೆ ಕೆನ್ನೆ ಬಡ್ಕೊಂಡಳು. "ಆ ಬಾಂಡ್ಲಿ ತಲೆಯೋನು ನಿನ್ನ ತಾತ ಆದ್ರೆ ನನಗೇನಾಗ್ಬೇಕು ಹೇಳು!"

ನಿಹಾರಿಕಾ ಅಳ್ತಾ ಅಳ್ತಾನೇ ಫಕ್ಕಂತ ನಕ್ಕಳು. ಪದ್ಮಮ್ಮಂಗೂ ಅರ್ಥ ಆಯ್ತು, ಪೂರ್ತಿ ಆಯ್ತು. ಆದ್ರೆ ಪಟ್ಟದ ಬೊಂಬೆ ಇಲ್ಲದೆ ಮೆಟ್ಟಿಲು ಅಂದ್ರೆ ಅವಳ ಕೈ ಕಾಲೇ ಆಡಲ್ಲ. ಅವರಮ್ಮ, ಅವರಜ್ಜಿ, ಅವರ ಮುತ್ತಜ್ಜಿ ಯಾರೂ ಮಾಡಿರದ ಕೆಲಸ. ಮೆಟ್ಟಿಲು ನೋಡಿದಳು, ಹುಡುಗಿ ಮುಖ ನೋಡಿದಳು, ಹಾಕ್ಕೊಳ್ಳೋಕೆ ತಯಾರಾಗಿದ್ದ ಆ ರೂಮಿನ ಬಾಗಿಲು ನೋಡಿದಳು. ಆಮೇಲೆ ಸೆರಗು ಸಿಕ್ಕಿಸ್ಕೊಂಡು ಸ್ಟೂಲ್ ಹತ್ತಿ ಎರಡು ಕಿರೀಟಾನೂ ಕಿತ್ತಳು.

"ಮೇಲುಗಡೆ ಕಲಶ ಒಂದೇ ಇರ್ಲಿ. ಮಿಕ್ಕವರೆಲ್ಲಾ ಒಂದೇ ಮೆಟ್ಟಿಲಲ್ಲಿ, ಯಾರ ಕಾಲೂ ಯಾರೂ ಹಿಡೀದಂಗೆ. ನನ್ನ ಹಳೇ ರೇಷ್ಮೆ ಸೀರೆ ತಗೊಂಡು ಬಾ."

"ಯಾಕೆ?"

"ನಮ್ಮೂರಲ್ಲಿ ರಾಜ ಅಲ್ಲದ ದೊಡ್ಡೋರಿಗೆ ಸನ್ಮಾನ ಅಂದ್ರೆ ಏನು ಗೊತ್ತಾ? ಮೈಸೂರು ಪೇಟ!"

ಸೀರೆ ಅಂಚು ಕತ್ತರಿಸಿ ಬುಕರ್‌ಗೆ ಪೇಟ, ಹೆರಾಲ್ಡ್‌ಗೆ ಪೇಟ. ಡೈನಾಗೆ ಜರಿ ಶಾಲು. ಜಾರ್ಜ್ ಸರದಿ ಬಂದಾಗ ಪದ್ಮಮ್ಮ ಅವನನ್ನ ಮೇಲಿಂದ ಕೆಳಗೆ ನೋಡಿದಳು.

"ಇವನು ಕಿಂಗ್ ಬೇಡ ಅಂದಿದ್ದು ಒಳ್ಳೇದೇ. ಆದ್ರೆ ಜನಾನ ಕಟ್ಟಿ ಇಟ್ಕೊಂಡಿದ್ನಲ್ಲ, ಇವನಿಗೆ ತಲೇಲಿರೋ ಹತ್ತಿ ಸಾಕು. ಮಾರ್ಥಾಗೂ ಏನೂ ಬೇಡ."

ಅಷ್ಟರಲ್ಲಿ ಬಾಗಿಲ ಬೆಲ್ ಆಯ್ತು. ಜಾಸ್ಮಿನ್ ಒಳಗೆ ಬಂದು ಮೆಟ್ಟಿಲ ಮುಂದೆ ನಿಂತಳು. ಒಂದೊಂದೇ ಬೊಂಬೇನ ಬಗ್ಗಿ ಬಗ್ಗಿ ನೋಡಿದಳು. ಪದ್ಮಮ್ಮನ ಎದೆ ಬಡಿತ ಪಕ್ಕದೂರು ಓಕ್ ಬ್ರೂಕಿಗೆ ಕೇಳಿಸ್ತಿತ್ತು. ನಿಹಾರಿಕಾ ಅಜ್ಜಿ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದಳು.

ಜಾಸ್ಮಿನ್ ಏನೋ ಕೇಳಿದಳು. ನಿಹಾರಿಕಾ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಅವಳ ಮುತ್ತಾತನ ತಾತಾನೂ ಬುಕರ್ ಥರಾನೇ ವಾಷಿಂಗ್ಟನ್ ಅಂತ ತಾನೇ ಹೆಸರಿಟ್ಕೊಂಡಿದ್ದಂತೆ. ಕುದುರೆಗೆ ಲಾಳ ಹೊಡೀತಿದ್ನಂತೆ. ಅವನು ಫೇಮಸ್ ಅಲ್ಲ. ಅವನನ್ನೂ ಇಡಬಹುದಾ ಅಂತ."

"ಲಾಳ ಇಲ್ಲದೆ ಯಾವ ದೊಡ್ಡೋನು ಕುದುರೆ ಹತ್ತಿದ್ದ? ಬಾಮ್ಮ, ಕೂತ್ಕೋ!"

ಮೂರು ಜನಾನೂ ನೆಲದ ಮೇಲೆ ಕೂತ್ರು. ಮಿಕ್ಕಿದ್ದ ಒಂದು ಬೊಂಬೆಗೆ ಜಾಸ್ಮಿನ್ ಚರ್ಮದ ಏಪ್ರನ್ ಕತ್ತರಿಸಿದಳು, ಪದ್ಮಮ್ಮ ಎಲ್ಲರಿಗಿಂತ ದೊಡ್ಡ ಪೇಟ ಸುತ್ತಿದಳು. ಅದು ಎಷ್ಟು ದೊಡ್ಡದಾಯ್ತು ಅಂದ್ರೆ ಪಾಪ ಲಾಳದವನು ಭಾರಕ್ಕೆ ಡೈನಾ ಹೆಗಲ ಮೇಲೆ ಒರಗಿಬಿಟ್ಟ. ಜಾಸ್ಮಿನ್ ನಕ್ಕಳು ನೋಡಿ, ಪಕ್ಕದ ಮನೆ ನಾಯಿ ಬೊಗಳ್ತು.

"ಹಾಗೇ ಇರ್ಲಿ, ಅಜ್ಜಿ. ಅವನಿಗೆ ಹಾಡು ಇಷ್ಟ ಅಂತೆ" ಅಂದಳು ನಿಹಾರಿಕಾ. ಆಮೇಲೆ ತಾನೇ ಅಡಿಗೆಮನೆಗೆ ಓಡಿ ಉಸಲಿ ಬಟ್ಟಲು ತಂದು, ಗೆಳತಿಗೆ ಎರಡು ಕೈಯಲ್ಲೂ ಹೇಗೆ ಇಸ್ಕೋಬೇಕು ಅಂತ ತೋರಿಸಿಕೊಟ್ಟಳು. ತಿಂತಾ ತಿಂತಾ ಇಬ್ಬರೂ ಗುಸುಗುಸು ಅಂದ್ಕೊಂಡ್ರು.

"ಅಜ್ಜಿ, ನಾಳೆ ಹೋಲ್ ಕ್ಲಾಸ್ ಬರಬಹುದಾ?"

ಪದ್ಮಮ್ಮ ಸೀದಾ ಫೋನ್ ತಗೊಂಡು ಆಫೀಸಲ್ಲಿದ್ದ ಮಗನಿಗೆ ಹೇಳಿದಳು, "ವಿವೇಕ, ಬರ್ತಾ ಕಡಲೆಕಾಳು ತಗೊಂಡು ಬಾರೋ. ಇಲಿನಾಯ್ಸಲ್ಲಿ ಎಷ್ಟಿದೆಯೋ ಅಷ್ಟೂ."