ಶಿಲುಬೆಯೆದುರು ಬಿಷಪನ ಹೆಸರು

ಮೇ ತಿಂಗಳಲ್ಲಿ ನಮ್ಮ ಕೇರಿಯ ಶಿಲುಬೆಯೆದುರು ಲದೀನ್ ಎಂಬ ಪ್ರಾರ್ಥನೆ ಹಾಡುವುದಕ್ಕೆ ಪಾದ್ರಿ ಬೇಕಿಲ್ಲ. ಹೂ ಹಾಕಿ, ಮೇಣದಬತ್ತಿ ಹಚ್ಚಿ, ಒಬ್ಬರು ಲ್ಯಾಟಿನ್ನಿನಲ್ಲಿ ಎತ್ತಿಕೊಟ್ಟರೆ ಉಳಿದವರು ಗೊತ್ತಿದ್ದಷ್ಟು ಹಾಡುತ್ತೇವೆ, ಗೊತ್ತಿಲ್ಲದ ಕಡೆ ರಾಗ ಎಳೆಯುತ್ತೇವೆ. ಕೊನೆಗೆ ಆ ದಿನದ ಸರದಿಯ ಮನೆಯವರು ತಮ್ಮ ಸತ್ತವರ ಹೆಸರು ಹೇಳುತ್ತಾರೆ, ಅವರಿಗಾಗಿ ಎಲ್ಲರೂ ಪರಲೋಕದ ತಂದೆಯನ್ನು ಪ್ರಾರ್ಥಿಸುತ್ತೇವೆ. ಆಮೇಲೆ ಬೇಯಿಸಿದ ಕಡಲೆ, ಫೆನ್ನಿ. ಈ ಸಲ ನನ್ನ ಸರದಿಯಲ್ಲಿ ನನ್ನ ನಾಯಿಯ ಹೆಸರು ಹೇಳುವುದೆಂದು, ಅವನನ್ನು ಗೋಡಂಬಿ ಮರದ ಬುಡದಲ್ಲಿ ಮಣ್ಣು ಮಾಡಿದ ದಿನವೇ ತೀರ್ಮಾನಿಸಿದ್ದೆ. ಪಾದ್ರಿಯೇ ಇಲ್ಲದ ಮೇಲೆ ನನ್ನನ್ನು ತಡೆಯುವವರು ಯಾರು?

ತಡೆದವನು ಕಾಯ್ತಾನ್. ಪಿಟೀಲು ಅವನದು, ಲ್ಯಾಟಿನ್ನೂ ಅವನದೇ. ಮದುವೆಯಿಲ್ಲ, ಮಕ್ಕಳಿಲ್ಲ, ಎಪ್ಪತ್ತು ದಾಟಿದರೂ ಮೊಂಡುತನಕ್ಕೆ ಮಾತ್ರ ವಯಸ್ಸಾಗಿಲ್ಲ.

“ಇಸ್ಪಿರಾನ್ಸ್ ಬಾಯಿ, ನಾಯಿಗೆ ಆತ್ಮ ಇಲ್ಲ” ಅಂದ.

“ನೀನು ಬಗ್ಗಿ ನೋಡಿದ್ಯಾ?”

“ಇದ್ರೂ ಬಿಷಪ್ ಅನ್ನೋ ಆ ನಾಯಿ ಹೆಸರು ಇಲ್ಲಿ ಹೇಳಕ್ಕಾಗಲ್ಲ. ನಮ್ಮ ಬಿಷಪ್ಪರು ಗುಂಡುಕಲ್ಲಿನ ಹಾಗಿದ್ದಾರೆ. ಬಿಷಪನ ಆತ್ಮಕ್ಕೆ ಶಾಂತಿ ಕೊಡು ದೇವರೇ ಅಂದ್ರೆ ನನ್ನನ್ನ ಇಗರ್ಜಿಯಿಂದಲೇ ಆಚೆ ಹಾಕ್ತಾರೆ.”

“ಹೆಸರು ನಾನು ಹೇಳ್ತೀನಿ. ನೀನು ಪ್ರಾರ್ಥನೆ ಎತ್ತಿಕೊಡು, ಸಾಕು.”

“ಎತ್ತಿಕೊಡಲ್ಲ. ನಾನು ಎತ್ತದೆ ಯಾರು ಬಾಯಿ ಬಿಡ್ತಾರೋ ನೋಡೇಬಿಡೋಣ.”

ಅದು ನಿಜ. ಅವನು ಎತ್ತಿಕೊಡದಿದ್ದರೆ ನಮ್ಮ ಕೇರಿಯವರು ಆಮೆನ್ ಕೂಡ ಅನ್ನುವುದಿಲ್ಲ. ಆದರೂ ನಾನು ಕಡಲೆ ನೆನೆಹಾಕಿದೆ.

ಬಿಷಪ್ ಎಂದು ಹೆಸರಿಟ್ಟವಳು ನಾನೇ. ಮಳೆಗಾಲ ಶುರುವಾಗುವ ಮುಂಚೆ ಕಡಲತಡಿಯ ಹೋಟೆಲು ಗುಡಿಸಲುಗಳನ್ನೆಲ್ಲ ಬಿಚ್ಚಿ ಒಯ್ಯುತ್ತಾರಲ್ಲ, ಆಗ ಪ್ರವಾಸಿಗಳು ಬೆಣ್ಣೆ, ಸಿಗಡಿ ಹಾಕಿ ಸಾಕಿದ ನಾಯಿಗಳನ್ನು ಮಾತ್ರ ಯಾರೂ ಒಯ್ಯುವುದಿಲ್ಲ. ಇವನನ್ನು ಒಂದು ಕಂಬಕ್ಕೆ ತಂತಿಯಲ್ಲಿ ಕಟ್ಟಿ ಮರೆತಿದ್ದರು. ಎಳೆದು ಎಳೆದು ತಂತಿ ಕುತ್ತಿಗೆಯೊಳಗೆ ಇಳಿದಿತ್ತು. ಇಕ್ಕಳದಿಂದ ತಂತಿ ತುಂಡರಿಸುವಾಗ ನನ್ನ ಕೈ ಕಚ್ಚಿದ. ಅವನ ಜಾಗದಲ್ಲಿದ್ದರೆ ನಾನೂ ಕಚ್ಚುತ್ತಿದ್ದೆ. ಗಾಯ ಮಾಯ್ದ ಕಡೆ ಸುತ್ತಲೂ ಬೆಳ್ಳಗೆ ಕೂದಲು ಹುಟ್ಟಿ, ಕಪ್ಪು ಮೈಗೆ ಪಾದ್ರಿಗಳ ಬಿಳಿ ಕಾಲರು ತೊಟ್ಟಂತಾಯಿತು. ನಡಿಗೆಯೂ ಅಷ್ಟೇ ಗಂಭೀರ. ಬೇರೆ ಏನು ಹೆಸರಿಡಬೇಕಿತ್ತು?

ಹನ್ನೊಂದು ವರ್ಷ ನನ್ನ ಜೊತೆ ಇದ್ದ. ನನ್ನ ಗಂಡ ಸತ್ತ ಮೇಲೆ ಈ ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವನು ಅವನೊಬ್ಬನೇ. ನನ್ನ ಕೈಯ ಅನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದೆ. ಎಲ್ಲರೂ ತಲೆದೂಗಿದ್ದರು.

ನನ್ನ ಸರದಿಯ ಸಂಜೆ ಕೇರಿಗೆ ಕೇರಿಯೇ ಬಂತು. ನನ್ನ ಫೆನ್ನಿಗೆ ಅಷ್ಟು ಹೆಸರಿದೆ. ಕಾಯ್ತಾನ್ ಚೆನ್ನಾಗಿಯೇ ನುಡಿಸಿದ, ಚೆನ್ನಾಗಿಯೇ ಹಾಡಿದ. ಲದೀನ್ ಮುಗಿಯಿತು. ಹೆಸರು ಹೇಳಲು ನಾನು ಎದ್ದು ನಿಂತೆ.

ಮೀನುಮಾರುಕಟ್ಟೆಯಲ್ಲಿ, ಪಂಚಾಯಿತಿಯಲ್ಲಿ ನನ್ನ ಬಾಯಿಗೆ ಬೀಗ ಹಾಕಿದವರಿಲ್ಲ. ಅಂಥ ನಾನು “ನನ್ನ...” ಎಂದವಳು ಅಲ್ಲಿಗೇ ನಿಂತುಬಿಟ್ಟೆ. ಕಣ್ಣು ತುಂಬಿತು.

ಹಿಂದಿನಿಂದ ಪಕ್ಕದ ಮನೆಯ ಕ್ವಿತೇರಿಯಾ ಹೇಳಿದಳು: “ನಮ್ಮ ಜೋಕಿಮನ ಆತ್ಮಕ್ಕಾಗಿ.”

ನಾನು ತಿರುಗಿದೆ. “ಯಾರೇ ಅದು ಜೋಕಿಮ?”

“ನಿನ್ನ ನಾಯೀನೇ ಕಣೇ. ನಮ್ಮನೇಲಿ ಅವನು ಜೋಕಿಮ. ಬೆಳಿಗ್ಗೆ ಪಾವ್ ಬಂದ ತಕ್ಷಣ ಹಾಜರು. ಬೆಣ್ಣೆ ಸವರದೆ ಇದ್ರೆ ಮೂಸ್ತಾನೂ ಇರಲಿಲ್ಲ.”

“ಬೆಣ್ಣೇನಾ?” ಮೀನುಗಾರ ರೋಕ್ ಎದ್ದ. “ಅಷ್ಟೊತ್ತಿಗಾಗಲೇ ನಮ್ಮನೇಲಿ ಬಂಗುಡೆ ತಲೆ ತಿಂದಾಗಿರ್ತಿತ್ತಲ್ಲ! ನಾವು ದೋಣಿ ನಡೆಸೋ ತಾಂಡೇಲ ಅಂತಿದ್ವಿ. ದೋಣಿ ದಡ ಮುಟ್ಟೋ ತನಕ ಯಜಮಾನನ ಥರ ನಿಂತಿರ್ತಿದ್ದ.”

ನನ್ನ ದುಃಖ ಎಲ್ಲಿ ಹೋಯಿತೋ! ಸತ್ತವನ ಮೇಲೆ ಸಿಟ್ಟು ನೆತ್ತಿಗೇರಿತು. “ಕಳ್ಳರು ನೀವೆಲ್ಲ! ನಾನು ಮೂರು ಹೊತ್ತು ಬೇಯಿಸಿ ಹಾಕಿದ್ರೆ ಆ ಹೊಟ್ಟೆಬಾಕ ಉಪವಾಸದವನ ಮುಖ ಮಾಡ್ಕೊಂಡು ಬಂದು ಕೂತ್ಕೋತಿದ್ದ!”

“ನೀನು ನೊಂದ್ಕೋತೀಯ ಅಂತ ಸುಮ್ಮನಿದ್ವಿ, ಬಾಯಿ” ಎಂದಳು ಕ್ವಿತೇರಿಯಾ. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣೊರೆಸಿಕೊಂಡೆ. “ಬಿಷಪನ ಆತ್ಮಕ್ಕಾಗಿ” ಎಂದು ಇಡೀ ಕೇರಿಗೆ ಕೇಳುವಂತೆ ಹೇಳಿದೆ.

ಎಲ್ಲರೂ ಕಾಯ್ತಾನನ ಕಡೆ ನೋಡಿದರು. ಅವನು ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

“ಎತ್ತು ಕಾಯ್ತಾನ್” ಅಂದೆ. “ಬೇಡ್ಕೋತೀನಿ.” ನಾನು ಎಂದೂ ಯಾರ ಹತ್ತಿರವೂ ಆಡದ ಮಾತು ಅದು.

“ನನ್ನ ಮನೆಗೂ ಬರ್ತಿದ್ದ” ಅಂದ. “ಮಧ್ಯಾಹ್ನ, ನೀನು ಮಲಗಿದ ಮೇಲೆ.”

“ಮತ್ತೆ ಆತ್ಮ ಇಲ್ಲ ಅಂದ್ಯಲ್ಲೋ!”

“ಇಲ್ಲಿ ಹೆಸರು ಹೇಳಿಬಿಟ್ರೆ ಸತ್ತಿದ್ದು ಖಾಯಂ ಆಗುತ್ತಲ್ಲ, ಅದಕ್ಕೆ.”

ನನಗೆ ಬೈಯಲು ಮನಸ್ಸು ಬರಲಿಲ್ಲ. “ನೀನೇನಂತ ಕರೀತಿದ್ದೆ ಅವನ್ನ?” ಎಂದು ಕೇಳಿದೆ.

ಅವನು ನನ್ನನ್ನು ನೋಡಲಿಲ್ಲ, ಶಿಲುಬೆಯನ್ನು ನೋಡಿದ. “ಹೆಸರೇನೂ ಇಟ್ಟಿರಲಿಲ್ಲ. ಬಾ ಮಗನೇ ಅಂತಿದ್ದೆ. ಬರ್ತಿದ್ದ.”

ಕಾಯ್ತಾನ್ ಎದ್ದು ನಿಂತು ಟೊಪ್ಪಿಗೆ ತೆಗೆದ. “ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂದು ಎತ್ತಿಕೊಟ್ಟ. ಎರಡನೆಯ ಸಾಲಿಗೆ ಅವನ ಸ್ವರ ಒಡೆಯಿತು. ಅಲ್ಲಿಂದ ಮುಂದಕ್ಕೆ ನಾನೇ ಎತ್ತಿಕೊಟ್ಟೆ.